ನಿವ್ವಳ ಮೊತ್ತ ಎಲ್ಲಿಂದ ಬರುತ್ತದೆ? ವ್ಯೂ ಮೇಲೆ ವ್ಯೂ ಇದ್ದಾಗ ಕಾಲಂನ ಮೂಲ ಹುಡುಕಿದ ಒಂದು ಪ್ರಕರಣ

ತಿಂಗಳ ಮಾರಾಟದ ರಿಪೋರ್ಟ್‌ನಲ್ಲಿ ‘ನಿವ್ವಳ’ ಅಂತ ಒಂದು ಕಾಲಂ. ಅದರ ಮೊತ್ತ ಲೆಕ್ಕಪತ್ರ ವಿಭಾಗದ ಪುಸ್ತಕದ ಜೊತೆ ತಾಳೆ ಆಗುತ್ತಿರಲಿಲ್ಲ. ವ್ಯತ್ಯಾಸ ದೊಡ್ಡದೇನಲ್ಲ, ಆದರೆ ಪ್ರತಿ ತಿಂಗಳೂ ಇರುತ್ತಿತ್ತು. ಒಂದು ತಿಂಗಳು ರಿಪೋರ್ಟ್‌ನ ಅಂಕಿ ಜಾಸ್ತಿ, ಇನ್ನೊಂದು ತಿಂಗಳು ಕಡಿಮೆ. ‘ತಿಂಗಳ ಕೊನೆಯ ಬಿಲ್‌ಗಳು ಆಚೀಚೆ ಆಗಿರಬೇಕು’ ಎಂದು ಬಹಳ ಕಾಲ ಎಲ್ಲರೂ ಸುಮ್ಮನಿದ್ದರು. ಲೆಕ್ಕ ಪರಿಶೋಧನೆಗೆ ಮುಂಚೆ ಇದಕ್ಕೊಂದು ಸರಿಯಾದ ಕಾರಣ ಕೊಡಿ ಎಂದು ಆ ವಿಭಾಗದ ಮುಖ್ಯಸ್ಥೆ ಪಟ್ಟು ಹಿಡಿದ ಮೇಲೆ ವಿಷಯ ನಮ್ಮ ತಂಡಕ್ಕೆ ಬಂತು.

ಸಂಸ್ಥೆ ಯಾವುದು, ಜನ ಯಾರು ಎಂಬುದನ್ನು ಇಲ್ಲಿ ಬಿಟ್ಟಿದ್ದೇನೆ. ಟೇಬಲ್, ವ್ಯೂ (ಹೆಸರಿಟ್ಟು ಉಳಿಸಿದ ಕ್ವೆರಿ, ಅಂದರೆ ಡೇಟಾಬೇಸ್‌ಗೆ ಕೇಳುವ ಪ್ರಶ್ನೆ; ಅದನ್ನು ಟೇಬಲ್ ಥರವೇ ಓದಬಹುದು), ಕಾಲಂಗಳ ಹೆಸರುಗಳನ್ನು ಬದಲಿಸಿ ಕನ್ನಡದಲ್ಲಿ ಕೊಟ್ಟಿದ್ದೇನೆ. ಅವುಗಳ ರಚನೆ ಮತ್ತು ಅವು ನಡೆದುಕೊಂಡ ರೀತಿ ಮಾತ್ರ ಇದ್ದ ಹಾಗೇ ಇದೆ.

ಹಿನ್ನೆಲೆ

ಡೇಟಾಬೇಸ್ ಎಸ್‌ಕ್ಯೂಎಲ್ ಸರ್ವರ್. ಸಂಸ್ಥೆಯಲ್ಲಿ ಬಿಲ್ಲಿಂಗ್ ವ್ಯವಸ್ಥೆ ಒಮ್ಮೆ ಬದಲಾಗಿತ್ತು. ಹಳೆಯ ಬಿಲ್‌ಗಳು ಒಂದಿಷ್ಟು ಟೇಬಲ್‌ಗಳಲ್ಲಿ, ಹೊಸವು ಇನ್ನೊಂದಿಷ್ಟು ಟೇಬಲ್‌ಗಳಲ್ಲಿ. ರಿಪೋರ್ಟ್ ಬರೆಯುವವರಿಗೆ ಈ ತಲೆನೋವು ಬೇಡ ಅಂತ ನಡುವೆ ವ್ಯೂಗಳನ್ನು ಕಟ್ಟಿದ್ದರು. ಆಮೇಲೆ ಬಂದವರು ಆ ವ್ಯೂಗಳ ಮೇಲೆ ವ್ಯೂ, ಅದರ ಮೇಲೆ ಮತ್ತೊಂದು. ಒಂದೊಂದನ್ನೂ ಬೇರೆ ಬೇರೆಯಾಗಿ ನೋಡಿದರೆ ತಪ್ಪೇನೂ ಕಾಣುವುದಿಲ್ಲ. ಒಟ್ಟಿಗೆ ನೋಡುವವರು ಯಾರೂ ಇರಲಿಲ್ಲ, ಅಷ್ಟೇ.

ನಮ್ಮ ‘ನಿವ್ವಳ’ದ ಹಾದಿ ಹೀಗಿತ್ತು. ರಿಪೋರ್ಟ್ ಕೇಳುವುದು ‘ತಿಂಗಳ_ಸಾರಾಂಶ’ ಎಂಬ ವ್ಯೂ. ಅದು ‘ಮಾರಾಟ_ಎಲ್ಲ’ ಎಂಬ ವ್ಯೂನಿಂದ ಸಾಲುಗಳನ್ನು ತೆಗೆದುಕೊಂಡು ತಿಂಗಳವಾರು ಕೂಡಿಸುತ್ತದೆ. ‘ಮಾರಾಟ_ಎಲ್ಲ’ದಲ್ಲಿ ಹಳೆಯ ಮತ್ತು ಹೊಸ ವ್ಯವಸ್ಥೆಯ ಎರಡು ವ್ಯೂಗಳನ್ನು ಯೂನಿಯನ್ ಆಲ್ ಹಾಕಿ, ಅಂದರೆ ಒಂದರ ಸಾಲುಗಳ ಕೆಳಗೆ ಇನ್ನೊಂದರ ಸಾಲುಗಳನ್ನು ಇಟ್ಟು, ಜೋಡಿಸಿದ್ದಾರೆ. ಹೊಸ ಕಡೆಯ ವ್ಯೂ ‘ಬಿಲ್_ವಿವರ’ದಿಂದ ಬರುತ್ತದೆ. ‘ಬಿಲ್_ವಿವರ’ದಲ್ಲಿ ನಿಜವಾದ ಲೆಕ್ಕ ಇದೆ: ದರ ಗುಣಿಸು ಪ್ರಮಾಣ, ಅದರಿಂದ ರಿಯಾಯಿತಿ ಕಳೆ. ಈ ‘ಬಿಲ್_ವಿವರ’ದ ಅಡಿಯಲ್ಲಿ ‘ಬಿಲ್_ಪೂರ್ತಿ’ ಎಂಬ ಇನ್ನೊಂದು ಪುಟ್ಟ ವ್ಯೂ. ಅದರಲ್ಲಿರುವುದು ಒಂದೇ ವಾಕ್ಯ, ‘ಬಿಲ್_ಸಾಲು’ ಟೇಬಲ್ ಮೇಲೆ ಸೆಲೆಕ್ಟ್ ಸ್ಟಾರ್, ಅಂದರೆ ‘ಇರುವ ಎಲ್ಲ ಕಾಲಂಗಳನ್ನೂ ಕೊಡು’.

ಇದನ್ನೆಲ್ಲ ಈಗ ಒಂದು ಪ್ಯಾರಾದಲ್ಲಿ ಹೇಳಿಬಿಟ್ಟೆ. ಶುರುವಿನಲ್ಲಿ ಈ ಚಿತ್ರ ಯಾರ ಹತ್ತಿರವೂ ಇರಲಿಲ್ಲ.

ಮೊದಲು ಮಾಡಿದ್ದು

ಎಲ್ಲರೂ ಮೊದಲು ಮಾಡುವುದನ್ನೇ ನಾವೂ ಮಾಡಿದೆವು. ಎಲ್ಲ ವ್ಯೂಗಳ ಪಠ್ಯವನ್ನು ಹೊರತೆಗೆದು ‘ನಿವ್ವಳ’ ಎಂದು ಹುಡುಕಿದೆವು. ಸಿಕ್ಕಿದ್ದು ಬೇಕಾದದ್ದಕ್ಕಿಂತ ಜಾಸ್ತಿ, ಆದರೂ ಬೇಕಾದದ್ದೇ ಇರಲಿಲ್ಲ. ಯಾರೋ ಬರೆದಿಟ್ಟ ಕಾಮೆಂಟ್‌ಗಳು ಬಂದವು. ಸಂಬಂಧವೇ ಇಲ್ಲದ ಸಂಬಳದ ವ್ಯೂಗಳು ಬಂದವು. ಹಳೆಯ ಬಿಲ್ಲಿಂಗ್ ಕಡೆಯ ವ್ಯೂ ಮಾತ್ರ ಬರಲಿಲ್ಲ. ಯಾಕೆಂದರೆ ಅಲ್ಲಿ ಅದರ ಹೆಸರು ‘ಅಂತಿಮ_ಬೆಲೆ’.

ಯೂನಿಯನ್ ಹೆಸರು ನೋಡುವುದಿಲ್ಲ, ಸ್ಥಾನ ನೋಡುತ್ತದೆ. ಮೊದಲ ಸೆಲೆಕ್ಟ್‌ನ ನಾಲ್ಕನೇ ಕಾಲಂ ‘ನಿವ್ವಳ’, ಎರಡನೆಯದರ ನಾಲ್ಕನೇ ಕಾಲಂ ‘ಅಂತಿಮ_ಬೆಲೆ’ ಆಗಿದ್ದರೆ ಎರಡೂ ಒಂದೇ ಕಾಲಂ ಆಗುತ್ತವೆ, ಹೆಸರು ಮೊದಲನೆಯದರದ್ದು. ಹಾಗಾಗಿ ಹೆಸರು ಹಿಡಿದು ಹೊರಟವನು ಯೂನಿಯನ್ ಹತ್ತಿರ ಬಂದಾಗ ಒಂದು ಕವಲಿನಲ್ಲಷ್ಟೇ ಮುಂದೆ ಹೋಗುತ್ತಾನೆ. ಇನ್ನೊಂದು ಕವಲು ಇತ್ತು ಅನ್ನುವುದೇ ಅವನಿಗೆ ಗೊತ್ತಾಗುವುದಿಲ್ಲ.

ಎರಡನೆಯ ಹೆಜ್ಜೆಯಾಗಿ ಡೇಟಾಬೇಸನ್ನೇ ಕೇಳಿದೆವು. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ‘ಸಿಸ್.ಎಸ್‌ಕ್ಯೂಎಲ್_ಎಕ್ಸ್‌ಪ್ರೆಶನ್_ಡಿಪೆಂಡೆನ್ಸೀಸ್’ ಎಂಬ ಪಟ್ಟಿ ಇದೆ. ಯಾವ ವ್ಯೂ ಯಾವುದನ್ನು ಅವಲಂಬಿಸಿದೆ ಎಂದು ಹೇಳುತ್ತದೆ. ಆದರೆ ಕಾಲಂ ಮಟ್ಟದ ಮಾಹಿತಿ ಅಲ್ಲಿ ಇರುವುದು ಸ್ಕೀಮಾಬೈಂಡಿಂಗ್ (ವ್ಯೂ ಅನ್ನು ಕೆಳಗಿನ ಟೇಬಲ್‌ನ ರಚನೆಗೆ ಬಿಗಿಯುವ ಆಯ್ಕೆ) ಹಾಕಿ ಕಟ್ಟಿದ ವ್ಯೂಗಳಿಗೆ ಮಾತ್ರ. ನಮ್ಮಲ್ಲಿ ಅಂಥದ್ದು ಒಂದೂ ಇರಲಿಲ್ಲ. ಹಾಗಾಗಿ ಸಿಕ್ಕಿದ್ದು ಟೇಬಲ್ ಮಟ್ಟದ ನಕ್ಷೆ. ಮೇಲಿನ ವ್ಯೂನಿಂದ ಕೆಳಗೆ ಇಳಿಯುತ್ತಾ ಹೋದರೆ ಡೇಟಾಬೇಸ್‌ನ ಮುಖ್ಯ ಟೇಬಲ್‌ಗಳು ಬಹುತೇಕ ಎಲ್ಲವೂ ಬಂದುಬಿಟ್ಟವು. ಉತ್ತರ ಸರಿ, ಉಪಯೋಗ ಇಲ್ಲ.

‘ಸಿಸ್.ಡಿಎಂ_ಎಸ್‌ಕ್ಯೂಎಲ್_ರೆಫರೆನ್ಸ್ಡ್_ಎಂಟಿಟೀಸ್’ ಇನ್ನೊಂದು ದಾರಿ. ಇದಕ್ಕೆ ಒಂದು ವ್ಯೂನ ಹೆಸರು ಕೊಟ್ಟರೆ ಅದು ಮುಟ್ಟುವ ಕಾಲಂಗಳ ಹೆಸರನ್ನೂ ಕೊಡುತ್ತದೆ. ಒಳ್ಳೆಯದೇ. ಆದರೆ ಅದು ಒಂದೇ ಮೆಟ್ಟಿಲು ಇಳಿಯುತ್ತದೆ. ಜೊತೆಗೆ ‘ಈ ವ್ಯೂ ಈ ಎಂಟು ಕಾಲಂಗಳನ್ನು ಬಳಸುತ್ತದೆ’ ಎಂದು ಹೇಳುತ್ತದೆಯೇ ಹೊರತು, ಆ ಎಂಟರಲ್ಲಿ ಯಾವುದು ಹೊರಬರುವ ಯಾವ ಕಾಲಂಗೆ ಹೋಯಿತು ಎಂದು ಹೇಳುವುದಿಲ್ಲ. ನಮಗೆ ಬೇಕಾಗಿದ್ದದ್ದು ಅದೇ ಅಲ್ವಾ.

ಮೂರನೆಯದು ‘ಸಿಸ್.ಡಿಎಂ_ಎಕ್ಸೆಕ್_ಡಿಸ್ಕ್ರೈಬ್_ಫಸ್ಟ್_ರಿಸಲ್ಟ್_ಸೆಟ್’. 2012ರ ಆವೃತ್ತಿಯಿಂದ ಇರುವ ಈ ಫಂಕ್ಷನ್‌ಗೆ ಕ್ವೆರಿ ಕೊಟ್ಟು, ಬ್ರೌಸ್ ಮಾಹಿತಿ ಬೇಕು ಎಂದು 1 ಹಾಕಿದರೆ, ಪ್ರತಿ ಕಾಲಂನ ಮೂಲ ಡೇಟಾಬೇಸ್, ಮೂಲ ಟೇಬಲ್, ಮೂಲ ಕಾಲಂ ಎಲ್ಲವನ್ನೂ ತೋರಿಸುತ್ತದೆ. ಸಾದಾ ವ್ಯೂ ಇದ್ದರೆ ಅದನ್ನು ದಾಟಿ ಟೇಬಲ್‌ವರೆಗೂ ಹೋಗುತ್ತದೆ. ಇದನ್ನು ಬಳಸುವವರಿಗೆ ಒಂದು ಕಿವಿಮಾತು: ನಿಮ್ಮ ಕ್ವೆರಿಯಲ್ಲಿ ಇಲ್ಲದ ಕೀ ಕಾಲಂಗಳನ್ನೂ (ಸಾಲನ್ನು ಗುರುತಿಸುವ ಕಾಲಂಗಳು) ಅದು ಪಟ್ಟಿಗೆ ಸೇರಿಸುತ್ತದೆ. ‘ಈಸ್_ಹಿಡನ್’ ಎಂಬ ಗುರುತು ನೋಡಿ ಅವನ್ನು ತೆಗೆಯಬೇಕು, ಇಲ್ಲದಿದ್ದರೆ ಇಲ್ಲದ ಕಾಲಂನ ಹಿಂದೆ ಅಲೆದಾಟ.

ಸಾದಾ ಕಾಲಂಗಳಿಗೆ ಇದು ಚೆನ್ನಾಗಿ ಕೆಲಸ ಮಾಡಿತು. ಗ್ರಾಹಕರ ಹೆಸರು, ಬಿಲ್ ದಿನಾಂಕ ಎಲ್ಲ ಕ್ಷಣದಲ್ಲಿ ಸಿಕ್ಕವು. ‘ನಿವ್ವಳ’ದ ಮುಂದೆ ಮಾತ್ರ ನಲ್, ಅಂದರೆ ಖಾಲಿ. ಅದು ಲೆಕ್ಕ ಹಾಕಿ ಬಂದ ಕಾಲಂ, ಒಂದೇ ಮೂಲ ಅಂತ ಇಲ್ಲ, ಹಾಗಾಗಿ ಫಂಕ್ಷನ್ ಕೈಚೆಲ್ಲಿತು.

ಈ ಮಿತಿ ಒಂದೇ ಡೇಟಾಬೇಸ್‌ನದ್ದಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಸರ್ವರ್ ಉತ್ತರ ಕಳಿಸುವಾಗ ಪ್ರತಿ ಕಾಲಂ ಜೊತೆ ಅದರ ಟೇಬಲ್‌ನ ಗುರುತು ಸಂಖ್ಯೆ ಮತ್ತು ಕಾಲಂ ಸಂಖ್ಯೆ ಕಳಿಸುತ್ತದೆ. ಲೆಕ್ಕ ಹಾಕಿದ ಕಾಲಂ ಆದರೆ ಸೊನ್ನೆ. ವ್ಯೂ ಮೇಲಿನ ಕ್ವೆರಿಗೆ ವ್ಯೂನ ಗುರುತನ್ನೇ ಕೊಡುತ್ತದೆ, ಅದರ ಕೆಳಗೆ ಇಳಿಯುವುದಿಲ್ಲ. ಎಸ್‌ಕ್ಯೂಲೈಟ್‌ನಲ್ಲಿ ಕಾಲಂನ ಮೂಲ ಹೆಸರು ಕೇಳುವ ಸೌಲಭ್ಯ ಇದೆ, ಅದು ವ್ಯೂ ದಾಟಿ ಇಳಿಯುತ್ತದೆ ಕೂಡ. ಆದರೆ ಕಂಪೈಲ್ ಮಾಡುವಾಗಲೇ ಆ ಆಯ್ಕೆ ಹಾಕಿರಬೇಕು, ಮತ್ತು ಲೆಕ್ಕದ ಕಾಲಂಗೆ ಅಲ್ಲೂ ಉತ್ತರ ಇಲ್ಲ. ಮೈಎಸ್‌ಕ್ಯೂಎಲ್‌ನಲ್ಲಿ ವ್ಯೂ ಯಾವ ಟೇಬಲ್‌ಗಳನ್ನು ಬಳಸುತ್ತದೆ ಎಂಬ ಪಟ್ಟಿ 8.0.13ರಿಂದ ಇದೆ, ಅದೂ ಟೇಬಲ್ ಮಟ್ಟಕ್ಕೆ ಮುಗಿಯಿತು. ಎಲ್ಲ ಕಡೆ ಒಂದೇ ಕಥೆ. ನಕಲಾಗಿ ಬಂದ ಕಾಲಂಗೆ ಮೂಲ ಸಿಗುತ್ತದೆ, ಲೆಕ್ಕವಾಗಿ ಬಂದ ಕಾಲಂಗೆ ಸಿಗುವುದಿಲ್ಲ. ಜಗಳ ಬರುವುದು ಮಾತ್ರ ಯಾವಾಗಲೂ ಲೆಕ್ಕದ ಕಾಲಂ ಬಗ್ಗೆ.

ಪಾರ್ಸರ್ ಮುನಿಸಿಕೊಂಡ ವ್ಯೂ

ಇಲ್ಲಿ ಒಂದು ನಿರ್ಧಾರ ಮಾಡಬೇಕಾಯಿತು. ಕೈಯಲ್ಲೇ ಒಂದೊಂದು ವ್ಯೂ ಓದಿ ಇಳಿಯುವುದಾ, ಸ್ಕ್ರಿಪ್ಟ್ ಬರೆಯುವುದಾ? ಒಂದೇ ಕಾಲಂ ಆದರೆ ಕೈಯಲ್ಲೇ ಓದುವುದು ಬೇಗ ಮುಗಿಯುತ್ತದೆ. ಆದರೆ ಪರಿಶೋಧಕರು ನಾಳೆ ಇನ್ನೊಂದು ಕಾಲಂ ಕೇಳದೇ ಇರುವುದಿಲ್ಲ. ಸ್ಕ್ರಿಪ್ಟ್ ಬರೆಯೋಣ ಎಂದು ಒಪ್ಪಿದೆವು. ಪೈಥಾನ್‌ನ ಎಸ್‌ಕ್ಯೂಎಲ್‌ಗ್ಲಾಟ್ ಎಂಬ ಮುಕ್ತ ಲೈಬ್ರರಿ ತೆಗೆದುಕೊಂಡೆವು. ಅದೊಂದು ಪಾರ್ಸರ್, ಅಂದರೆ ಎಸ್‌ಕ್ಯೂಎಲ್ ವಾಕ್ಯವನ್ನು ಮರದ ರೂಪಕ್ಕೆ ಬಿಡಿಸುತ್ತದೆ, ಕಾಲಂನ ವಂಶಾವಳಿ ಹುಡುಕುವ ಭಾಗವೂ ಅದರಲ್ಲೇ ಇದೆ.

ಪಾರ್ಸರ್‌ಗೆ ಬರೀ ಪಠ್ಯ ಕೊಟ್ಟರೆ ಸಾಲದು. ಟೇಬಲ್ ಹೆಸರು ಹೇಳದೆ ಸುಮ್ನೆ ‘ದಿನಾಂಕ’ ಎಂದು ಬರೆದಿದ್ದರೆ, ಜಾಯಿನ್ ಆಗಿರುವ (ಸಾಲಿಗೆ ಸಾಲು ಹೊಂದಿಸಿ ಸೇರಿಸಿರುವ) ಮೂರು ಟೇಬಲ್‌ಗಳಲ್ಲಿ ಅದು ಯಾವುದರದ್ದು ಎಂದು ಪಠ್ಯದಿಂದ ತಿಳಿಯುವುದಿಲ್ಲ. ಸ್ಟಾರ್ ಇದ್ದ ಕಡೆ ಅದನ್ನು ಬಿಡಿಸಲು ಕೆಳಗಿನ ಟೇಬಲ್‌ನ ಕಾಲಂ ಪಟ್ಟಿ ಬೇಕು. ಹಾಗಾಗಿ ‘ಸಿಸ್.ಕಾಲಮ್ಸ್’ನಿಂದ ಎಲ್ಲ ಟೇಬಲ್‌ಗಳ ಕಾಲಂ ಪಟ್ಟಿ ತೆಗೆದು ಕೊಟ್ಟೆವು. ವ್ಯೂಗಳ ಪಟ್ಟಿ ಕೊಡಲಿಲ್ಲ. ವ್ಯೂಗಳನ್ನು ಅವುಗಳ ಪಠ್ಯದಿಂದಲೇ ಬಿಡಿಸಿಕೊಳ್ಳಲಿ ಎಂದು ಬಿಟ್ಟೆವು. ಇದು ಆಗ ಸಣ್ಣ ವಿಷಯವಾಗಿ ಕಂಡಿತ್ತು. ಆಮೇಲೆ ನೋಡಿದರೆ ಇಡೀ ಪ್ರಕರಣ ನಿಂತಿದ್ದೇ ಈ ಆಯ್ಕೆಯ ಮೇಲೆ.

ಸ್ಕ್ರಿಪ್ಟ್ ಬಹುತೇಕ ವ್ಯೂಗಳನ್ನು ತಕರಾರಿಲ್ಲದೆ ಬಿಡಿಸಿತು. ‘ಬಿಲ್_ವಿವರ’ದ ಹತ್ತಿರ ನಿಂತಿತು. ಅಲ್ಲಿ ‘ಹಳೆ_ಕಡಿತ’ ಎಂಬ ಕಾಲಂ ಕೇಳುತ್ತಿದ್ದಾರೆ, ಅಂಥ ಕಾಲಂ ಕೆಳಗೆ ಎಲ್ಲೂ ಇಲ್ಲ ಎಂದು ದೂರು.

ಟೇಬಲ್ ನೋಡಿದೆವು. ‘ಬಿಲ್_ಸಾಲು’ವಿನಲ್ಲಿ ‘ಹಳೆ_ಕಡಿತ’ ಇರಲಿಲ್ಲ. ಸ್ಕ್ರಿಪ್ಟ್ ಹೇಳಿದ್ದು ನಿಜ. ಆದರೆ ‘ಬಿಲ್_ವಿವರ’ವನ್ನು ಡೇಟಾಬೇಸ್‌ನಲ್ಲಿ ಓಡಿಸಿದರೆ ಎಲ್ಲವೂ ಸರಿಯಾಗಿ ಓಡುತ್ತಿತ್ತು. ‘ಹಳೆ_ಕಡಿತ’ ಎಂಬ ತಲೆಬರಹ, ಅದರ ಕೆಳಗೆ ಅಂಕಿಗಳು.

ಕೆಲಸ ಮುಗಿಸುವ ಅವಸರದಲ್ಲಿ ಒಂದು ಸುಲಭದ ದಾರಿ ಕಣ್ಣಮುಂದೆ ಇತ್ತು. ಆ ಕಾಲಂ ಹೇಗೂ ‘ನಿವ್ವಳ’ದ ಲೆಕ್ಕದಲ್ಲಿ ಇಲ್ಲ. ಸ್ಕ್ರಿಪ್ಟ್‌ಗೆ ಒಂದು ವಿನಾಯಿತಿ ಸೇರಿಸಿ ಮುಂದೆ ಹೋಗಬಹುದಿತ್ತು. ತಂಡದ ಒಬ್ಬ ಡೆವಲಪರ್ ತಡೆದರು. ‘ಸಾರ್, ಇಲ್ಲದ ಕಾಲಂನ ಅಂಕಿಯನ್ನು ಡೇಟಾಬೇಸ್ ಎಲ್ಲಿಂದ ತಂದು ತೋರಿಸ್ತಿದೆ? ಮೊದಲು ಅದನ್ನ ನೋಡೋಣ’ ಎಂದರು. ತಿರುವು ಸಿಕ್ಕಿದ್ದು ಅಲ್ಲಿ.

ಜರುಗಿದ ಕಾಲಂಗಳು

ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ವ್ಯೂ ಕಟ್ಟಿದಾಗ ಅದರ ಕಾಲಂಗಳ ಹೆಸರು ಮತ್ತು ಕ್ರಮವನ್ನು ಅದು ಬರೆದಿಟ್ಟುಕೊಳ್ಳುತ್ತದೆ. ಕೆಳಗಿನ ಟೇಬಲ್ ಬದಲಾದರೆ ಈ ಬರೆದಿಟ್ಟದ್ದು ತಾನಾಗಿ ಬದಲಾಗುವುದಿಲ್ಲ. ‘ಎಸ್‌ಪಿ_ರಿಫ್ರೆಶ್‌ವ್ಯೂ’ ಓಡಿಸಬೇಕು. ಓಡಿಸದಿದ್ದರೆ ಅನಿರೀಕ್ಷಿತ ಫಲಿತಾಂಶ ಬರಬಹುದು ಎಂದು ಅದರ ಕೈಪಿಡಿಯಲ್ಲೇ ಇದೆ. ಸೆಲೆಕ್ಟ್ ಸ್ಟಾರ್ ಇರುವ ವ್ಯೂನಲ್ಲಿ ಆ ‘ಅನಿರೀಕ್ಷಿತ’ ಹೇಗಿರುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

‘ಬಿಲ್_ಪೂರ್ತಿ’ ಕಟ್ಟಿದ ದಿನ ಟೇಬಲ್‌ನ ಕಾಲಂಗಳು ಈ ಕ್ರಮದಲ್ಲಿದ್ದವು: ಬಿಲ್_ಐಡಿ, ದರ, ಪ್ರಮಾಣ, ಹಳೆ_ಕಡಿತ, ರಿಯಾಯಿತಿ, ಸಾಗಣೆ_ಶುಲ್ಕ. ವ್ಯೂ ಈ ಆರು ಹೆಸರುಗಳನ್ನು ಇದೇ ಕ್ರಮದಲ್ಲಿ ಬರೆದಿಟ್ಟುಕೊಂಡಿತು. ಆಮೇಲೆ ಯಾವಾಗಲೋ ಒಂದು ಬದಲಾವಣೆಯಲ್ಲಿ ‘ಹಳೆ_ಕಡಿತ’ ತೆಗೆದರು. ಅದೇ ಬದಲಾವಣೆಯಲ್ಲಿ ‘ಸುತ್ತು_ಹೊಂದಾಣಿಕೆ’ ಎಂಬ ಹೊಸ ಕಾಲಂ ಕೊನೆಗೆ ಸೇರಿತು. ಈಗ ಟೇಬಲ್‌ನಲ್ಲಿ ಬಿಲ್_ಐಡಿ, ದರ, ಪ್ರಮಾಣ, ರಿಯಾಯಿತಿ, ಸಾಗಣೆ_ಶುಲ್ಕ, ಸುತ್ತು_ಹೊಂದಾಣಿಕೆ.

ವ್ಯೂ ಓಡುವಾಗ ಸ್ಟಾರ್ ಹೊಸ ಟೇಬಲ್‌ನ ಆರು ಕಾಲಂಗಳನ್ನು ತಂದಿತು. ಅವುಗಳ ಮೇಲೆ ಹಳೆಯ ಆರು ಹೆಸರುಗಳನ್ನು ವರಸೆಯಾಗಿ ಅಂಟಿಸಿತು. ಸಾಲಿನ ನಡುವೆ ಒಬ್ಬರು ಎದ್ದುಹೋಗಿ ಉಳಿದವರು ಒಂದೊಂದು ಕುರ್ಚಿ ಈಚೆ ಬಂದರೂ ಕುರ್ಚಿಯ ಮೇಲಿನ ಹೆಸರಿನ ಚೀಟಿ ಅಲ್ಲೇ ಇದ್ದ ಹಾಗೆ. ‘ಹಳೆ_ಕಡಿತ’ ಎಂಬ ಚೀಟಿಯ ಕೆಳಗೆ ರಿಯಾಯಿತಿ. ‘ರಿಯಾಯಿತಿ’ ಎಂಬ ಚೀಟಿಯ ಕೆಳಗೆ ಸಾಗಣೆ ಶುಲ್ಕ. ‘ಸಾಗಣೆ_ಶುಲ್ಕ’ದ ಕೆಳಗೆ ಸುತ್ತು ಹೊಂದಾಣಿಕೆ.

ಬರೀ ಕಾಲಂ ತೆಗೆದು ಅಷ್ಟಕ್ಕೇ ಬಿಟ್ಟಿದ್ದರೆ ತಪ್ಪು ಸಿಕ್ಕಿಬೀಳುತ್ತಿತ್ತು. ಟೇಬಲ್‌ನಲ್ಲಿ ಐದೇ ಕಾಲಂ, ವ್ಯೂ ಹತ್ತಿರ ಆರು ಹೆಸರು. ಆಗ ಡೇಟಾಬೇಸ್ 4502ನೇ ದೋಷ ಎಸೆದು ನಿಂತುಬಿಡುತ್ತದೆ. ಒಂದು ಹೋಗಿ ಒಂದು ಬಂದದ್ದರಿಂದ ಎಣಿಕೆ ಸರಿಹೋಯಿತು. ಜರುಗಿದ ಮೂರೂ ಕಾಲಂಗಳು ಒಂದೇ ಬಗೆಯ ದಶಮಾಂಶ ಸಂಖ್ಯೆಗಳು, ಹಾಗಾಗಿ ಟೈಪ್ ಕಡೆಯಿಂದಲೂ ತಕರಾರಿಲ್ಲ.

ಊಹೆ ಸರಿಯಾಗಿ ಕಂಡಿತು. ಆದರೂ ಲೆಕ್ಕಪತ್ರ ವಿಭಾಗಕ್ಕೆ ಹೋಗಿ ‘ನೀವು ಇಷ್ಟು ಕಾಲ ರಿಯಾಯಿತಿ ಬದಲು ಸಾಗಣೆ ಶುಲ್ಕ ಕಳೆದಿದ್ದೀರಿ’ ಎಂದು ಹೇಳುವ ಮುಂಚೆ ಪುರಾವೆ ಬೇಕಲ್ಲ. ಡೇಟಾಬೇಸ್‌ನ ಒಂದು ಪ್ರತಿಯನ್ನು ಬೇರೆ ಕಡೆ ಎಬ್ಬಿಸಿದೆವು. ಅದರಲ್ಲಿ ದರ 100, ಪ್ರಮಾಣ 3, ರಿಯಾಯಿತಿ ಸೊನ್ನೆ, ಸಾಗಣೆ ಸೊನ್ನೆ ಇರುವ ಒಂದು ಸಾಲು ಆರಿಸಿದೆವು. ನಿವ್ವಳ 300. ಒಂದು ಟ್ರಾನ್ಸಾಕ್ಷನ್ (ಬೇಕಾದರೆ ಪೂರ್ತಿ ರದ್ದು ಮಾಡಬಹುದಾದ ಬದಲಾವಣೆ) ತೆರೆದು ಟೇಬಲ್‌ನಲ್ಲಿ ರಿಯಾಯಿತಿಯನ್ನು 7.77 ಮಾಡಿದೆವು. ನಿವ್ವಳ 300ರಲ್ಲೇ ಕೂತಿತ್ತು. ಅದನ್ನು ಹಿಂದೆ ತಿರುಗಿಸಿ, ಈ ಸಲ ಸಾಗಣೆ ಶುಲ್ಕವನ್ನು 7.77 ಮಾಡಿದೆವು. ನಿವ್ವಳ 292.23 ಆಯಿತು. ಪರದೆ ಮೇಲೆ ಇದನ್ನು ನೋಡಿದ ಮೇಲೆ ಯಾರೂ ವಾದ ಮಾಡಲಿಲ್ಲ.

ವ್ಯತ್ಯಾಸ ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಬರುತ್ತಿದ್ದದ್ದಕ್ಕೂ ಕಾರಣ ಸಿಕ್ಕಿತು. ಯಾವ ತಿಂಗಳು ರಿಯಾಯಿತಿ ಜಾಸ್ತಿ ಕೊಟ್ಟರೋ ಆ ತಿಂಗಳು ರಿಪೋರ್ಟ್‌ನ ನಿವ್ವಳ ಉಬ್ಬುತ್ತಿತ್ತು. ಸಾಗಣೆ ಜಾಸ್ತಿ ಆದ ತಿಂಗಳು ಕುಗ್ಗುತ್ತಿತ್ತು.

ಬೆಲೆ ಬದಲಿಸಿ ಏನು ಅಲುಗಾಡುತ್ತದೆ ನೋಡುವ ಈ ಪರೀಕ್ಷೆ ಬಹಳ ಹಳೆಯ ಉಪಾಯ, ಮರ್ಯಾದೆ ಮಾತ್ರ ಕಡಿಮೆ. ಪಾರ್ಸರ್ ಹೇಳುವುದು ಪಠ್ಯದಲ್ಲಿ ಬರೆದಿರುವುದನ್ನು. ಕ್ಯಾಟಲಾಗ್ ಹೇಳುವುದು ಡೇಟಾಬೇಸ್ ಯಾವತ್ತೋ ಬರೆದಿಟ್ಟುಕೊಂಡದ್ದನ್ನು. ಅಂಕಿ ಅಲುಗಾಡಿಸಿದಾಗ ಮಾತ್ರ ಈಗ ನಿಜವಾಗಿ ನಡೆಯುತ್ತಿರುವುದು ಕಾಣುತ್ತದೆ. ಮೂರೂ ಒಂದೇ ಮಾತು ಹೇಳಿದರೆ ನೋಡುವಂಥದ್ದೇನೂ ಇಲ್ಲ. ಎರಡು ಬೇರೆ ಬೇರೆ ಹೇಳಿದ ಜಾಗದಲ್ಲೇ ಹುಳುಕು. ಸ್ಕ್ರಿಪ್ಟ್‌ಗೆ ವಿನಾಯಿತಿ ಬರೆದು ಬಾಯಿ ಮುಚ್ಚಿಸಿದ್ದರೆ ಆ ಜಾಗವನ್ನೇ ಮುಚ್ಚಿದಂತಾಗುತ್ತಿತ್ತು. ಶುರುವಿನಲ್ಲಿ ವ್ಯೂಗಳ ಕಾಲಂ ಪಟ್ಟಿಯನ್ನೂ ಪಾರ್ಸರ್‌ಗೆ ಕೊಟ್ಟಿದ್ದರಂತೂ ಅದು ಆ ಹಳೆಯ ಹೆಸರುಗಳನ್ನು ನಂಬಿ, ಏನೂ ದೂರದೆ, ‘ರಿಯಾಯಿತಿ ಬರುವುದು ರಿಯಾಯಿತಿಯಿಂದ’ ಎಂದು ಅಚ್ಚುಕಟ್ಟಾದ ತಪ್ಪು ಉತ್ತರ ಕೊಡುತ್ತಿತ್ತು.

ಪೋಸ್ಟ್‌ಗ್ರೆಸ್ ಬಳಸುವವರಿಗೆ ಈ ಕಥೆ ವಿಚಿತ್ರ ಅನ್ನಿಸಬಹುದು. ಅಲ್ಲಿ ವ್ಯೂ ಕಟ್ಟುವಾಗಲೇ ಸ್ಟಾರ್ ಬಿಡಿಸಿ, ಕಾಲಂಗಳನ್ನು ಹೆಸರಿನಿಂದಲ್ಲ, ಅವುಗಳ ಒಳಸಂಖ್ಯೆಯಿಂದ ಬರೆದಿಡುತ್ತದೆ. ವ್ಯೂ ಬಳಸುವ ಕಾಲಂ ತೆಗೆಯಲು ಹೋದರೆ, ಕ್ಯಾಸ್ಕೇಡ್ (ಅವಲಂಬಿಸಿದ್ದನ್ನೂ ಜೊತೆಗೇ ತೆಗೆ ಎಂಬ ಸೂಚನೆ) ಹಾಕದ ಹೊರತು ಬಿಡುವುದಿಲ್ಲ. ಅಲ್ಲಿರುವ ತೊಡಕು ಬೇರೆ ಥರ: ಟೇಬಲ್‌ನಲ್ಲಿ ಕಾಲಂನ ಹೆಸರು ಬದಲಿಸಿದರೆ ವ್ಯೂ ಸರಿಯಾಗಿಯೇ ನಡೆಯುತ್ತದೆ, ಆದರೆ ಹೊರಗೆ ತೋರಿಸುವುದು ಹಳೆಯ ಹೆಸರನ್ನೇ. ಅಂಕಿ ಸರಿ, ಹೆಸರು ಹಳತು. ಹೆಸರು ಹಿಡಿದು ಹುಡುಕುವವರಿಗೆ ಅಲ್ಲೂ ಗುಂಡಿ ಇದೆ.

ಸರಿಪಡಿಸುವುದು ಅಷ್ಟು ಸುಲಭ ಇರಲಿಲ್ಲ

‘ಎಸ್‌ಪಿ_ರಿಫ್ರೆಶ್‌ವ್ಯೂ’ ಒಂದು ಸಲ ಓಡಿಸಿದರೆ ಮುಗೀತು ಅಂತ ಕೆಲವರು ಅಂದರು. ಪ್ರತಿಯಲ್ಲಿ ಓಡಿಸಿ ನೋಡಿದೆವು. ‘ಬಿಲ್_ಪೂರ್ತಿ’ ಸರಿಯಾಯಿತು. ಅದರಲ್ಲಿ ‘ಹಳೆ_ಕಡಿತ’ ಮಾಯವಾಯಿತು. ಅದನ್ನು ಹೆಸರು ಹಿಡಿದು ಕೇಳುತ್ತಿದ್ದ ‘ಬಿಲ್_ವಿವರ’ ಮುರಿಯಿತು, ಅದರ ಮೇಲಿದ್ದದ್ದೆಲ್ಲ ಸಾಲಾಗಿ ಮುರಿಯಿತು. ಜೊತೆಗೆ ಇನ್ನೊಂದು ವಿಷಯ ಹೊರಬಂತು. ಯಾರೋ ಜಾಣರು ಒಂದು ರಫ್ತು ಕಡತದಲ್ಲಿ ‘ಹಳೆ_ಕಡಿತ’ವನ್ನೇ ರಿಯಾಯಿತಿ ಎಂದು ಬಳಸುತ್ತಿದ್ದರು. ಅವರಿಗೆ ಅಂಕಿ ತಾಳೆಯಾಗಿದ್ದು ಆ ಕಾಲಂನಲ್ಲಿ, ಯಾಕೆ ಎಂದು ಕೇಳಲು ಹೋಗಿರಲಿಲ್ಲ. ಅಂದರೆ ತಪ್ಪನ್ನು ಸರಿಪಡಿಸಿದರೆ ಸರಿಯಿದ್ದ ಕಡತ ಕೆಡುತ್ತದೆ.

ಹಾಗಾಗಿ ಕೆಳಗಿನಿಂದ ಮೇಲಕ್ಕೆ ಬಂದೆವು. ‘ಬಿಲ್_ಪೂರ್ತಿ’ಯಲ್ಲಿ ಸ್ಟಾರ್ ತೆಗೆದು ಕಾಲಂಗಳನ್ನು ಒಂದೊಂದಾಗಿ ಹೆಸರಿಸಿದೆವು. ‘ಬಿಲ್_ವಿವರ’ದಲ್ಲಿ ‘ಹಳೆ_ಕಡಿತ’ ತೆಗೆದೆವು. ರಫ್ತು ಕಡತವನ್ನು ನಿಜವಾದ ರಿಯಾಯಿತಿಗೆ ತಿರುಗಿಸಿದೆವು. ಎಲ್ಲವೂ ಒಂದೇ ಬಿಡುಗಡೆಯಲ್ಲಿ ಹೋಗಬೇಕಿತ್ತು. ಬಿಡಿಬಿಡಿಯಾಗಿ ಹೋಗಿದ್ದರೆ ನಡುವಿನ ದಿನಗಳಲ್ಲಿ ಎರಡು ಬಗೆಯ ತಪ್ಪು ಅಂಕಿಗಳು ಓಡಾಡುತ್ತಿದ್ದವು.

ನಿಜಕ್ಕೂ ಕಷ್ಟದ ಪ್ರಶ್ನೆ ತಾಂತ್ರಿಕದ್ದಲ್ಲ. ವ್ಯೂಗೆ ಹಿಂದಿನ ದಿನ ಇಂದಿನ ದಿನ ಅಂತ ಇಲ್ಲ. ಸರಿಮಾಡಿದ ಕ್ಷಣದಿಂದ ಹಿಂದಿನ ಎಲ್ಲ ತಿಂಗಳುಗಳ ರಿಪೋರ್ಟ್ ಕೂಡ ಬದಲಾಗುತ್ತದೆ. ಮುಚ್ಚಿದ ತಿಂಗಳ ಅಂಕಿ ಇದ್ದಕ್ಕಿದ್ದಂತೆ ಬೇರೆ ಬಂದರೆ ಯಾರು ಉತ್ತರ ಹೇಳಬೇಕು? ನಮ್ಮ ತಂಡದಲ್ಲಿ ‘ಸರಿಯಾದ ಅಂಕಿ ಬಂದರೆ ಒಳ್ಳೆಯದೇ ಅಲ್ವಾ’ ಎಂಬ ಅಭಿಪ್ರಾಯವೇ ಹೆಚ್ಚಿತ್ತು. ಲೆಕ್ಕಪತ್ರ ವಿಭಾಗದ ಮುಖ್ಯಸ್ಥೆ ಒಪ್ಪಲಿಲ್ಲ. ‘ನಾನು ಸಹಿ ಹಾಕಿ ಕಳಿಸಿದ ಕಾಗದದಲ್ಲಿ ಹಳೆಯ ಅಂಕಿ ಇದೆ. ಎರಡೂ ಸಿಗಬೇಕು’ ಎಂದರು. ಅವರ ಮಾತು ಸರಿ ಎಂದೇ ನನಗೂ ಅನ್ನಿಸಿತು. ಹಳೆಯ ವ್ಯೂ ಕೊಡುತ್ತಿದ್ದ ತಿಂಗಳವಾರು ಅಂಕಿಗಳನ್ನು ಬದಲಾವಣೆಗೆ ಮುಂಚೆಯೇ ಒಂದು ಟೇಬಲ್‌ಗೆ ಇಳಿಸಿದೆವು. ಪಕ್ಕದಲ್ಲಿ ಸರಿಯಾದ ಅಂಕಿ, ವ್ಯತ್ಯಾಸ, ಕಾರಣ. ಪರಿಶೋಧಕರು ಕೇಳಿದ್ದು ಕೊನೆಗೆ ಈ ಟೇಬಲ್ ಒಂದನ್ನೇ.

ಉಳಿದ ವ್ಯತ್ಯಾಸ

ಇಷ್ಟೆಲ್ಲ ಆದ ಮೇಲೂ ಅಂಕಿ ಪೂರ್ತಿ ತಾಳೆಯಾಗಲಿಲ್ಲ. ಸಣ್ಣದೊಂದು ಕೊರತೆ ಉಳಿಯಿತು, ಈ ಸಲ ಯಾವಾಗಲೂ ಕಡಿಮೆಯ ಕಡೆಗೇ.

ವಂಶಾವಳಿ ಈಗ ಸರಿಯಾಗಿತ್ತು. ‘ನಿವ್ವಳ’ಕ್ಕೆ ಹೊಸ ಕಡೆಯಿಂದ ದರ, ಪ್ರಮಾಣ, ರಿಯಾಯಿತಿ, ಹಳೆಯ ಕಡೆಯಿಂದ ಅಂತಿಮ_ಬೆಲೆ. ನಾಲ್ಕನ್ನೂ ಅಲುಗಾಡಿಸಿ ನೋಡಿದೆವು, ನಾಲ್ಕೂ ಹೇಳಿದ ಹಾಗೆ ಅಲುಗಾಡಿದವು. ಬೆಲೆಗಳಲ್ಲಿ ತಪ್ಪಿಲ್ಲ ಅಂದಮೇಲೆ ಸಾಲುಗಳಲ್ಲಿ ಇರಬೇಕು. ಪ್ರತಿ ಪದರದಲ್ಲಿ ನಿಂತು ಸಾಲುಗಳನ್ನು ಎಣಿಸಿ, ಮೊತ್ತ ಕೂಡಿಸಿ ಪಕ್ಕಪಕ್ಕ ಇಟ್ಟೆವು. ‘ಬಿಲ್_ವಿವರ’ದವರೆಗೆ ಸರಿ. ಅದರ ಮೇಲಿನ ಹೊಸ ಮಾರಾಟದ ವ್ಯೂನಲ್ಲಿ ಕೆಲವು ಸಾಲುಗಳು ಕಡಿಮೆ.

ಅಲ್ಲಿ ‘ಗ್ರಾಹಕ_ವರ್ಗ’ ಎಂಬ ಟೇಬಲ್ ಜೊತೆ ಇನ್ನರ್ ಜಾಯಿನ್ ಇತ್ತು, ಅಂದರೆ ಎರಡೂ ಕಡೆ ಜೋಡಿ ಸಿಕ್ಕ ಸಾಲು ಮಾತ್ರ ಉಳಿಯುತ್ತದೆ. ಆ ಟೇಬಲ್‌ನ ಒಂದು ಕಾಲಂ ಕೂಡ ಮೇಲಕ್ಕೆ ಹೋಗುತ್ತಿರಲಿಲ್ಲ. ಯಾವತ್ತೋ ಬೇಕಾಗಿತ್ತು, ಸೆಲೆಕ್ಟ್‌ನಿಂದ ತೆಗೆದರು, ಜಾಯಿನ್ ಉಳಿಯಿತು. ಹೊಸದಾಗಿ ಸೇರಿದ ಗ್ರಾಹಕರಿಗೆ ವರ್ಗ ಇನ್ನೂ ಹಾಕಿರದಿದ್ದರೆ ಅವರ ಬಿಲ್‌ಗಳು ಇಲ್ಲಿ ಸದ್ದಿಲ್ಲದೆ ಉದುರುತ್ತಿದ್ದವು.

ಕಾಲಂನ ಮೂಲ ಕೇಳುವಾಗ ನಾವು ಎರಡು ಬೇರೆ ಪ್ರಶ್ನೆಗಳನ್ನು ಒಂದು ಮಾಡಿಕೊಂಡಿರುತ್ತೇವೆ. ಈ ಬೆಲೆ ಯಾವ ಕಾಲಂನಿಂದ ಬಂತು ಎಂಬುದು ಒಂದು. ಈ ಸಾಲು ಇಲ್ಲಿ ಇರಲು ಯಾವುದು ಕಾರಣ ಎಂಬುದು ಇನ್ನೊಂದು. ಪೀಟರ್ ಬ್ಯೂನೆಮನ್, ಸಂಜೀವ್ ಖನ್ನಾ ಮತ್ತು ವಾಂಗ್-ಚ್ಯೂ ಟ್ಯಾನ್ ಎಂಬ ಸಂಶೋಧಕರು 2001ರಲ್ಲೇ ಈ ‘ಎಲ್ಲಿಂದ’ ಮತ್ತು ‘ಯಾಕೆ’ಗಳನ್ನು ಬೇರೆ ಮಾಡಿ ತೋರಿಸಿದ್ದರು. ಸಾಲು, ಗುಂಪುಗಳನ್ನು ಸೋಸುವ ವೇರ್, ಜಾಯಿನ್ ಷರತ್ತು, ಹ್ಯಾವಿಂಗ್ ಎಲ್ಲ ಎರಡನೆಯ ಗುಂಪಿನವು. ಸೆಲೆಕ್ಟ್ ಪಟ್ಟಿ ಮಾತ್ರ ಹಿಡಿದು ಇಳಿಯುವ ಯಾವ ಸಾಧನಕ್ಕೂ ‘ಗ್ರಾಹಕ_ವರ್ಗ’ ಕಾಣುತ್ತಿರಲಿಲ್ಲ. ನಾಳೆ ಯಾರಾದರೂ ‘ಈ ಟೇಬಲ್ ಯಾವ ರಿಪೋರ್ಟ್‌ಗೂ ಬೇಡ’ ಎಂದು ಅದನ್ನು ಖಾಲಿ ಮಾಡಿದ್ದರೆ ಹೊಸ ಕಡೆಯ ಮಾರಾಟ ಪೂರ್ತಿ ಸೊನ್ನೆ ಆಗುತ್ತಿತ್ತು.

ಜಾಯಿನ್ ಕಿತ್ತುಹಾಕಬಹುದಿತ್ತು. ವರ್ಗ ಇಲ್ಲದ ಗ್ರಾಹಕರು ಎಷ್ಟಿದ್ದಾರೆ ಎಂಬುದು ತಮಗೂ ಗೊತ್ತಾಗಬೇಕು ಎಂದು ಮಾರಾಟ ವಿಭಾಗ ಹೇಳಿತು. ಅದಕ್ಕೆ ಲೆಫ್ಟ್ ಜಾಯಿನ್ (ಜೋಡಿ ಸಿಗದ ಬಿಲ್ ಸಾಲನ್ನೂ ಉಳಿಸುವ ಬಗೆ) ಮಾಡಿ, ವರ್ಗ ಇಲ್ಲದವರನ್ನು ಬೇರೆ ಗುಂಪಾಗಿ ತೋರಿಸಿದೆವು. ಅಂಕಿ ತಾಳೆಯಾಯಿತು.

ಈಗ ಹೇಗಿದೆ

ಸ್ಕ್ರಿಪ್ಟ್ ಈಗ ಪ್ರತಿ ರಾತ್ರಿ ಓಡಿ ಒಂದು ಟೇಬಲ್ ತುಂಬುತ್ತದೆ. ಹೊರಬರುವ ಕಾಲಂ, ಅದರ ಮೂಲ ಕಾಲಂ, ಸಂಬಂಧದ ಬಗೆ. ಬಗೆ ಎಂದರೆ ನಕಲು, ಲೆಕ್ಕ, ಜಾಯಿನ್, ಸೋಸುವಿಕೆ, ಗುಂಪು. ‘ಮೂಲ ಇಲ್ಲ’ ಮತ್ತು ‘ಗೊತ್ತಿಲ್ಲ’ ಎಂಬ ಎರಡು ಬಗೆಗಳೂ ಇವೆ, ಇವೆರಡನ್ನು ಬೇರೆ ಇಟ್ಟದ್ದಕ್ಕೆ ಆಮೇಲೆ ತುಂಬ ಖುಷಿಪಟ್ಟೆವು. ಇಂದಿನ ದಿನಾಂಕ ಕೊಡುವ ಫಂಕ್ಷನ್, ಕೈಯಲ್ಲಿ ಬರೆದ ಸ್ಥಿರ ಅಂಕಿ, ಇವಕ್ಕೆ ನಿಜವಾಗಿಯೂ ಮೂಲ ಇಲ್ಲ. ಸ್ಟೋರ್ಡ್ ಪ್ರೊಸೀಜರ್ (ಡೇಟಾಬೇಸ್‌ನಲ್ಲೇ ಇಟ್ಟ ಪ್ರೋಗ್ರಾಂ) ಒಳಗೆ ಅಕ್ಷರ ಜೋಡಿಸಿ ಓಡಿಸುವ ಡೈನಾಮಿಕ್ ಎಸ್‌ಕ್ಯೂಎಲ್‌ಗೆ ಮೂಲ ಇದೆ, ನಮ್ಮ ಸ್ಕ್ರಿಪ್ಟ್‌ಗೆ ಕಾಣುವುದಿಲ್ಲ. ಎರಡಕ್ಕೂ ನಲ್ ಹಾಕಿದ್ದರೆ ಯಾವುದನ್ನು ಕೈಯಲ್ಲಿ ನೋಡಬೇಕು ಎಂದು ಗೊತ್ತೇ ಆಗುತ್ತಿರಲಿಲ್ಲ. ‘ಗೊತ್ತಿಲ್ಲ’ ಎಂದಿರುವ ಪ್ರತಿ ಸಾಲಿಗೂ ಒಬ್ಬರ ಹೆಸರು ಹಾಕಿದ್ದೇವೆ. ಆ ಪಟ್ಟಿ ನಿಧಾನವಾಗಿ ಕರಗುತ್ತಿದೆ. ರಿಪೋರ್ಟ್ ಉಪಕರಣದ ಒಳಗೇ ಬರೆದ ಸೂತ್ರಗಳು ಮಾತ್ರ ಇನ್ನೂ ಹೊರಗೇ ಉಳಿದಿವೆ.

ಅದೇ ಓಟದಲ್ಲಿ ಇನ್ನೊಂದು ಸಣ್ಣ ಪರೀಕ್ಷೆ ನಡೆಯುತ್ತದೆ. ಪ್ರತಿ ವ್ಯೂನ ಪಠ್ಯವನ್ನು ಬಿಡಿಸಿದಾಗ ಬರುವ ಕಾಲಂ ಪಟ್ಟಿಯನ್ನು, ಡೇಟಾಬೇಸ್ ಆ ವ್ಯೂಗೆ ಬರೆದಿಟ್ಟುಕೊಂಡಿರುವ ಪಟ್ಟಿಯ ಜೊತೆ, ಹೆಸರು ಮತ್ತು ಸ್ಥಾನ ಎರಡನ್ನೂ ಹೋಲಿಸುವುದು. ಬರೆಯಲು ಕೆಲವೇ ಸಾಲು. ಮೊದಲ ರಾತ್ರಿಯೇ ಬಿಲ್ಲಿಂಗ್‌ಗೆ ಸಂಬಂಧವಿಲ್ಲದ ಇನ್ನೂ ಕೆಲವು ಜರುಗಿದ ವ್ಯೂಗಳನ್ನು ಹಿಡಿದುಕೊಟ್ಟಿತು.

ಸ್ಕೀಮಾಬೈಂಡಿಂಗ್ ಬಗ್ಗೆ ದೊಡ್ಡ ಚರ್ಚೆ ಆಯಿತು. ಅದನ್ನು ಹಾಕಿದರೆ ಸ್ಟಾರ್ ಬರೆಯಲು ಬಿಡುವುದಿಲ್ಲ, ವ್ಯೂ ಬಳಸುವ ಕಾಲಂ ತೆಗೆಯಲೂ ಬಿಡುವುದಿಲ್ಲ. ಎಲ್ಲ ವ್ಯೂಗಳಿಗೂ ಹಾಕಿಬಿಡೋಣ ಎಂಬುದು ನಮ್ಮ ಪ್ರಸ್ತಾಪ. ಅಪ್ಲಿಕೇಶನ್ ತಂಡ ಬೇಡ ಎಂದಿತು. ಅಂಥ ಕಾಲಂನ ಟೈಪ್ ಬದಲಿಸಬೇಕಾದರೂ ಮೇಲಿನ ವ್ಯೂಗಳನ್ನು ಮೊದಲು ಬಿಚ್ಚಿ ಆಮೇಲೆ ಮತ್ತೆ ಕಟ್ಟಬೇಕು, ಪ್ರತಿ ಬಿಡುಗಡೆಗೂ ಇದನ್ನು ಮಾಡುತ್ತಾ ಕೂರಲು ಆಗುವುದಿಲ್ಲ ಎಂಬುದು ಅವರ ವಾದ. ಅದರಲ್ಲೂ ಹುರುಳಿದೆ. ಕೊನೆಗೆ ಬಿಲ್ಲಿಂಗ್ ಟೇಬಲ್‌ಗಳನ್ನು ನೇರವಾಗಿ ಮುಟ್ಟುವ ಕೆಳಗಿನ ಪದರದ ವ್ಯೂಗಳಿಗೆ ಮಾತ್ರ ಹಾಕಿದೆವು. ಉಳಿದವಕ್ಕೆ ರಾತ್ರಿಯ ಹೋಲಿಕೆಯೇ ಕಾವಲು.